ಹಸಿರು ಸೀಸೆಯ ಲೆಕ್ಕ

ಸತ್ತ ಮನೆಗೆ ನಾವು ಇನ್ನೊಮ್ಮೆ ಹೋಗಬೇಕು,
ಮಿಕ್ಕ ಮಾರ್ಫಿನ್ ವಾಪಸು ತರಲು.
ಅದು ಸರಕಾರದ ಕಾನೂನು.
ಮಣ್ಣಾದ ಮೇಲೆ ಮೂರು ದಿನ ತಡೆಯುವುದು
ನನ್ನದು.

ಫೋರ್ಟ್ ಪೋರ್ಟಲ್ ದಾಟಿ ಚಹಾ ತೋಟದ ಕೆಂಪು ದಾರಿ.
ಬೈಕಿನ ಹಿಂದೆ ಪೆಟ್ಟಿಗೆ ಕುಲುಕುತ್ತದೆ:
ಹತ್ತಿ, ಕೈಗವಸು, ಸೂಜಿಯಿಲ್ಲದ ಸಿರಿಂಜು,
ಹುಣ್ಣಿನ ನಾತಕ್ಕೆ ಅರೆದಿಟ್ಟ ಬಿಳಿ ಪುಡಿ,
ಮಲಬದ್ಧತೆಗೆ ಒಣಗಿಸಿದ ಪಪ್ಪಾಯಿ ಬೀಜ,
ಯಾರೋ ಕುಡಿದೆಸೆದ ನೀರಿನ ಬಾಟಲಿ ತೊಳೆದು ತುಂಬಿದ
ಹಸಿರು ಔಷಧಿ, ಗುಲಾಬಿ ಔಷಧಿ.
ಹಸಿರೆಂದರೆ ತೆಳು. ಗುಲಾಬಿ ಹತ್ತು ಪಟ್ಟು ಗಟ್ಟಿ.
ಅಕ್ಷರ ಬಾರದವರಿಗೂ ಬಣ್ಣ ಬರುತ್ತದೆ.

ಮೊದಲ ದಿನ ಅವನ ಹೆಸರು ಕೇಳಲಿಲ್ಲ.
ತೂರೋ ಸೀಮೆಯಲ್ಲಿ ಮೊದಲು ಕೇಳುವುದು ಎಂಪಾಕೊ,
ಊರಿಗೆ ಊರೇ ಹಂಚಿಕೊಂಡ
ಹತ್ತು ಹನ್ನೆರಡು ಮುದ್ದು ಹೆಸರಲ್ಲಿ ಒಂದು.
ಅವನು ಅರಾಲಿ. ನಾನು ಅಬ್ವೋಲಿ.
ಹೀಗೆ ಶುರುವಾದ ಮಾತಿನಲ್ಲಿ
ಸುಳ್ಳು ಹೇಳುವುದು ಕಷ್ಟ.

ಅನ್ನನಾಳದಲ್ಲಿ ಗಡ್ಡೆ. ನೀರೂ ನಿಂತು ನಿಂತು ಇಳಿಯುತ್ತಿತ್ತು.
ಹಾಸಿಗೆಯ ಮೇಲಿನ ಹಲಗೆಯಲ್ಲಿ ಹನ್ನೊಂದು ರೇಡಿಯೋ,
ಒಂದೊಂದರ ಕೊರಳಿಗೂ ಯಜಮಾನನ ಹೆಸರಿನ ಚೀಟಿ.
ಔಷಧಿ ಕುಡಿದ ಮೊದಲ ಗಂಟೆ ನಿದ್ದೆ,
ಎರಡನೆಯದು ಬೆಸುಗೆಗೆ,
ಮೂರನೆಯದರಲ್ಲಿ ಕೈ ನಡುಗಿ ತಂತಿ ತಪ್ಪುತ್ತಿತ್ತು.

"ಅಬ್ವೋಲಿ, ನಾನು ಅಕ್ಟೋಬರ್ ಕಾಣ್ತೀನಾ?"
ಆಗಿನ್ನೂ ಜುಲೈ.
ಮಾತು ಹುಡುಕುತ್ತಿದ್ದೆ. ಅವನೇ ಕೈಯೆತ್ತಿ ತಡೆದ.
"ಬಿಡು. ಕೆಟ್ಟ ರೇಡಿಯೋ ತಂದವನು
ರೇಡಿಯೋ ನೋಡೋದಿಲ್ಲ, ನನ್ನ ಮುಖ ನೋಡ್ತಾನೆ.
ಈಗ ನಾನು ಗಿರಾಕಿ."

ಅವನ ಹೆಂಡತಿ ಕೊಬುಗಾಬೆ. ಕರೆಯುವುದು ಅಡ್ಯೇರಿ.
ಆಸ್ಪತ್ರೆಯ ಬೆಳಗಿನ ಆರು ಅವಳಿಗೆ ಹನ್ನೆರಡು,
ಆಸ್ಪತ್ರೆಯ ಹತ್ತು ಅವಳಿಗೆ ನಾಲ್ಕು.
ಅವಳದು ಸೂರ್ಯನಿಂದ ಎಣಿಸಿದ ಹೊತ್ತು.
ನನ್ನ ಚೀಟಿ ಪಕ್ಕಕ್ಕಿಟ್ಟು
ಬಾಗಿಲ ಹಿಂದೆ ಇದ್ದಿಲಿನಿಂದ ಗೀಟೆಳೆದಳು,
ಒಂದು ಗುಟುಕಿಗೆ ಒಂದು,
ರಾತ್ರಿಯ ಜೋಡಿ ಗುಟುಕಿಗೆ ಜೋಡಿ.

ಇವತ್ತು ಅದೇ ಬಾಗಿಲು.
ಗೀಟು ಎಣಿಸಿದೆ. ಸೀಸೆಯನ್ನು ಬೆಳಕಿಗೆ ಹಿಡಿದು ಅಳೆದೆ.
ಬಾಗಿಲೂ ಸೀಸೆಯೂ ಒಪ್ಪಿದವು.
ಒಪ್ಪದ್ದು ಗಡಿಯಾರ.
ಅವನು ಹೋದದ್ದು ಗುರುವಾರ ನಸುಕಿನ ಮೂರಕ್ಕೆ.
ಆಮೇಲೂ ಒಂದು ಗೀಟು ಇತ್ತು,
ಗಿಡ್ಡ, ಒಂದು ಕಡೆಗೆ ವಾಲಿದ್ದು.

ನಾನು ಕೇಳಲಿಲ್ಲ. ಅವಳೇ ಹೇಳಿದಳು:
"ಕೋಳಿ ಕೂಗಿತು. ಕೈಗೆ ಅಭ್ಯಾಸ.
ಅಳೆದು ಲೋಟಕ್ಕೆ ಬಗ್ಗಿಸಿಬಿಟ್ಟೆ.
ಅವನ ಪಾಲು ಅಂತ ತೆಗೆದದ್ದನ್ನ
ಮತ್ತೆ ಸೀಸೆಗೆ ಹೇಗೆ ಸುರೀಲಿ?
ಬೆರಳದ್ದಿ ತುಟಿಗೆ ಸವರಿದೆ.
ಎಂಥಾ ಕಹಿ ಅದು, ದಿನಾ ಮುಖ ಕಿವುಚ್ತಿದ್ದ.
ಅವತ್ತು ಕಿವುಚಲಿಲ್ಲ.
ಆಗ ನಂಬಿದೆ."

ಮಿಕ್ಕದ್ದು ಹಿತ್ತಿಲ ಬಾಳೆಯ ಬುಡಕ್ಕೆ.

ನನ್ನ ದಫ್ತರದಲ್ಲಿ ಮೂರು ಕಲಮು:
ಕೊಟ್ಟದ್ದು, ಚೆಲ್ಲಿದ್ದು, ಮರಳಿದ್ದು.
ಚೆಲ್ಲಿದ್ದಕ್ಕೆ ಸಾಕ್ಷಿಯ ರುಜು ಬೇಕು, ಕಾರಣ ಬೇಕು.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.
ಗುರುವಾರ, ಬೆಳಗ್ಗೆ ಆರು, ಹತ್ತು ಮಿಲಿ:
ಕೊಟ್ಟದ್ದು.
ಕೆಳಗೆ ನನ್ನ ರುಜು. ಅವಳ ಹೆಬ್ಬೆಟ್ಟು,
ಶಾಯಿಯೊಳಗೆ ಒಂದಿಷ್ಟು ಇದ್ದಿಲೂ.

ಹೊರಡುವಾಗ ಹುಡುಗನೊಬ್ಬ ಅಂಗಳದಲ್ಲಿ ನಿಂತಿದ್ದ,
ಅಜ್ಜನ ರೇಡಿಯೋ ಬೇಕಂತೆ.
ಅವಳು ಹಲಗೆಯಿಂದ ಇಳಿಸಿ, ಸೆರಗಲ್ಲಿ ಒರೆಸಿ,
"ಮುಗಿಸಿದ್ದನೋ ಇಲ್ಲವೋ ನಂಗೊತ್ತಿಲ್ಲ ಮಗಾ" ಅಂದಳು.
ಹುಡುಗ ಗುಂಡಿ ತಿರುವಿದ.
ಗರಗರ. ಒಂದು ಕ್ಷಣ ಯಾರದೋ ಕೆಮ್ಮು,
ಮತ್ತೆ ಗರಗರ.

ಅವನು ರೇಡಿಯೋ ನೋಡಲಿಲ್ಲ.
ಮೊದಲು ಅವಳ ಮುಖ ನೋಡಿದ,
ಆಮೇಲೆ ನನ್ನದು.